ಮೊದಲು ಫೈಲ್ ನೋಡಿ, ಆಮೇಲೆ ಇ-ರೀಡರ್

ಪ್ರಶ್ನೆ: ಕಾದಂಬರಿ ಓದುವ ಹುಚ್ಚು ನನಗೆ. ಮೊಬೈಲ್‌ನಲ್ಲಿ ಓದಿ ಓದಿ ಕಣ್ಣು ಉರಿ ಬರುತ್ತದೆ. ಪುಸ್ತಕ ಓದಲೆಂದೇ ಇರುವ ಅಮೆಜಾನ್‌ನ ಸಾಧನ ಕಿಂಡಲ್ ತಗೊಳ್ಳೋಣ ಅಂತಿದ್ದೇನೆ. ಇರುವ ಕನ್ನಡ ಪುಸ್ತಕಗಳೆಲ್ಲ ಪಿಡಿಎಫ್. 6 ಇಂಚಿನದು ಸಾಕಾಗುತ್ತಾ? – ಓದುಗರು, ಸಾಗರ

ಉತ್ತರ: ಪಿಡಿಎಫ್ ಓದುವುದಕ್ಕೇ ಆದರೆ 6 ಇಂಚು ಬೇಡವೇ ಬೇಡ. ನಮ್ಮ ಕಾದಂಬರಿಗಳು ಸಾಮಾನ್ಯವಾಗಿ ಡೆಮಿ ಅಷ್ಟಪತ್ರದಲ್ಲಿ ಅಚ್ಚಾಗುತ್ತವೆ, ಅಂದರೆ ಸುಮಾರು ಐದೂವರೆಗೆ ಎಂಟೂವರೆ ಇಂಚು. ಆ ಪುಟವನ್ನು ಸ್ಕ್ಯಾನ್ ಮಾಡಿ 6 ಇಂಚಿನ ಪರದೆಗೆ ತುಂಬಿಸಿದರೆ ಅಕ್ಷರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಇನ್ನು ಒತ್ತಕ್ಷರದ ಗತಿ ಕೇಳಲೇಬೇಡಿ. ಅಡ್ಡ ಹಿಡಿದರೆ ಓದಬಹುದು, ಆದರೆ ಒಂದು ಪುಟಕ್ಕೆ ಮೂರು ಸಲ ಒತ್ತುತ್ತಾ ಕೂರಬೇಕು. ಪಿಡಿಎಫ್ಫೇ ಗತಿ ಅನ್ನುವವರು 10 ಇಂಚಿನದು ನೋಡಿ. ದುಡ್ಡು ಜಾಸ್ತಿ, ಭಾರವೂ ಜಾಸ್ತಿ, ಮಲಗಿಕೊಂಡು ಓದಿದರೆ ಕೈ ಸೋಲುತ್ತದೆ.

ಸುಮ್ನೆ ಇ-ಪಬ್ ಅನ್ನುವ ಇ-ಪುಸ್ತಕದ ಫೈಲ್‌ಗೆ ಬದಲಾಯಿಸಿಕೊಂಡರೆ ಆಯ್ತಲ್ವಾ ಅಂತ ಕೇಳುತ್ತೀರಿ, ಗೊತ್ತು. ಇ-ಪಬ್‌ನಲ್ಲಿ ಅಕ್ಷರ ದೊಡ್ಡದು ಮಾಡಿದರೆ ಸಾಲುಗಳು ತಾವಾಗಿಯೇ ಹೊಂದಿಕೊಳ್ಳುತ್ತವೆ, ಅದಕ್ಕೇ ಚಿಕ್ಕ ಪರದೆಗೆ ಅದು ಸರಿ. ಆದರೆ ಸ್ಕ್ಯಾನ್ ಪುಟ ಅಂದರೆ ಬರೀ ಫೋಟೋ, ಅದರಲ್ಲಿ ಹೊಂದಿಕೊಳ್ಳೋಕೆ ಅಕ್ಷರವೇ ಇರುವುದಿಲ್ಲ. ಟೈಪ್ ಮಾಡಿದ ಪಿಡಿಎಫ್ ಇನ್ನೊಂದು ತಲೆನೋವು. ಎಲ್ಲ ಸಾಧನಗಳಿಗೂ ಒಂದೇ ಆದ ಅಕ್ಷರ ಸಂಕೇತ ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ ಫಾಂಟ್‌ಗಳಲ್ಲಿ ಮಾಡಿದ ಪುಸ್ತಕ ಪಿಡಿಎಫ್‌ನಲ್ಲಿ ಚೆಂದವಾಗಿಯೇ ಕಾಣುತ್ತದೆ. ಫೈಲ್ ಬದಲಾಯಿಸುವ ಕಂಪ್ಯೂಟರ್ ತಂತ್ರಾಂಶ ಕ್ಯಾಲಿಬರ್‌ಗೆ ಹಾಕಿ ಇ-ಪಬ್ ಮಾಡಿ ನೋಡಿ: ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಚಿತ್ರಾನ್ನ! ಒಂದು ಪ್ಯಾರಾ ಕಾಪಿ ಮಾಡಿ ವಾಟ್ಸ್ಯಾಪ್‌ನಲ್ಲಿ ಪೇಸ್ಟ್ ಮಾಡಿದರೆ ನಿಮ್ಮ ಫೈಲ್ ಯಾವ ಜಾತಿಯದು ಅಂತ ತಿಳಿಯುತ್ತದೆ. ಕನ್ನಡವೇ ಬಂದರೆ ಬಚಾವ್.

ಕೊಳ್ಳುವ ಮುಂಚೆ ಗೆಳೆಯರ ರೀಡರ್ ಸಿಕ್ಕಿದರೆ ಕನ್ನಡ ವಿಕಿಸೋರ್ಸ್‌ನಿಂದ ಒಂದು ಇ-ಪಬ್ ಇಳಿಸಿಕೊಂಡು ಅದಕ್ಕೆ ಕಳಿಸಿ. ಹಕ್ಕು ಮುಗಿದ ಹಳೆಯ ಪುಸ್ತಕಗಳು ಅಲ್ಲಿ ಪುಕ್ಕಟೆ ಸಿಗುತ್ತವೆ. ‘ರಾಷ್ಟ್ರ’, ‘ಸ್ತ್ರೀ’, ‘ಸೂರ್ಯ’ ಥರದ ಪದ ಹುಡುಕಿ ನೋಡಿ. ಒತ್ತು ಕೆಳಗೆ ಕೂರದೆ ಪಕ್ಕದಲ್ಲಿ ಬಿಡಿಬಿಡಿಯಾಗಿ ನಿಂತಿದ್ದರೆ ಆ ಸಾಧನ ಕನ್ನಡಕ್ಕಲ್ಲ, ಅಂಗಡಿಯವರು ಏನೇ ಹೇಳಲಿ.

ಕಣ್ಣಿನ ವಿಷಯ: ಇ-ರೀಡರ್‌ಗಳಲ್ಲಿರುವ, ಕಾಗದದಂತೆ ಕಾಣುವ ಇ-ಇಂಕ್ ಪರದೆಯ ಹಿಂದೆ ಮೊಬೈಲ್‌ಗೆ ಇರುವಂಥ ಬೆಳಕು ಇರುವುದಿಲ್ಲ, ಅಂಚಿನ ಬಲ್ಬುಗಳು ಪರದೆಯ ಮೇಲೆ ಬೆಳಕು ಚೆಲ್ಲುತ್ತವೆ. ಬಿಸಿಲಲ್ಲಂತೂ ಅದೂ ಬೇಕಿಲ್ಲ.

ಪ್ರಶ್ನೆ: ಮೈಲ್ಯಾಂಗ್ ಆ್ಯಪ್‌ನಲ್ಲಿ ಕೊಂಡ ಪುಸ್ತಕಗಳನ್ನು ಕಿಂಡಲ್‌ನಲ್ಲಿ ಓದಬಹುದಾ? – ಓದುಗರು, ಪುಣೆ

ಉತ್ತರ: ಇಲ್ಲ. ಅವನ್ನು ಆ ಆ್ಯಪ್ ಒಳಗೇ ಓದಬೇಕು. ಕಿಂಡಲ್‌ನಲ್ಲಿ ಆ್ಯಪ್ ಹಾಕಿಕೊಳ್ಳೋಕೆ ಬರುವುದಿಲ್ಲ. ಕಿಂಡಲ್ ಅಂಗಡಿಯನ್ನೂ ಕನ್ನಡಕ್ಕೆ ಜಾಸ್ತಿ ನಂಬಬೇಡಿ: 2016ರಲ್ಲಿ ಅಮೆಜಾನ್ ಅಲ್ಲಿ ಭಾರತೀಯ ಭಾಷೆಗಳ ವಿಭಾಗ ತೆರೆದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಹೊಸ ಕನ್ನಡ ಪುಸ್ತಕಗಳನ್ನು ಆ್ಯಪ್‌ನಲ್ಲೇ ಕೊಳ್ಳುವವರು ಆಂಡ್ರಾಯ್ಡ್ ಇರುವ ಇ-ಇಂಕ್ ಸಾಧನ ನೋಡಿ, ಬೂಕ್ಸ್ ಥರದ್ದು. ಬ್ಯಾಟರಿ ಕಿಂಡಲ್‌ನಷ್ಟು ದಿನ ಬರುವುದಿಲ್ಲ, ಪುಟ ಸರಿಸುವಾಗ ಸ್ವಲ್ಪ ತಡವರಿಸುತ್ತದೆ, ಆದರೂ ನನ್ನ ಓಟು ಅದಕ್ಕೇ.

ಪ್ರಶ್ನೆ: ಇ-ಪಬ್ಬಾ, ಮೋಬಿನಾ? – ಓದುಗರು, ಹುಬ್ಬಳ್ಳಿ

ಉತ್ತರ: ಇ-ಪಬ್. 2022ರಲ್ಲಿ ಅಮೆಜಾನೇ ಕಿಂಡಲ್‌ಗೆ ಇ-ಪಬ್ ಕಳಿಸಲು ಬಿಟ್ಟು ಕಿಂಡಲ್‌ನ ಹಳೆಯ ಫೈಲ್ ಬಗೆಯಾದ ಮೋಬಿಯನ್ನು ಕೈಬಿಡುವುದಾಗಿ ಹೇಳಿತು. ಕೊಂಡ ಪುಸ್ತಕವನ್ನು ಕಂಪ್ಯೂಟರ್‌ಗೆ ಇಳಿಸಿಕೊಂಡು ಕೇಬಲ್‌ನಲ್ಲಿ ಹಾಕಿಕೊಳ್ಳುವ ದಾರಿಯನ್ನು 2025ರ ಫೆಬ್ರವರಿಯಲ್ಲಿ ಮುಚ್ಚಿತು. ಹಾಗಾಗಿ ಕಾಪಿ ಮಾಡದಂತೆ ಹಾಕುವ ಬೀಗವಿಲ್ಲದ ಇ-ಪಬ್ ಮಾರುವ ಪ್ರಕಾಶಕರು ಸಿಕ್ಕಿದರೆ ಹತ್ತಿಪ್ಪತ್ತು ರೂಪಾಯಿ ಜಾಸ್ತಿಯಾದರೂ ಅವರಲ್ಲೇ ಕೊಳ್ಳಿ, ಒಂದು ಪ್ರತಿ ಪೆನ್‌ಡ್ರೈವ್‌ಗೆ ಹಾಕಿಡಿ.