ಖಾರದ ಘಾಟಿಗೆ ಗಂಟಲು ಯಾಕೆ ಕದ ಹಾಕುತ್ತದೆ?

ಪ್ರಶ್ನೆ: ನಾನು ಬ್ಯಾಡಗಿಯವಳು, ವಯಸ್ಸು 38. ಆರು ವರ್ಷದಿಂದ ಖಾರ ಕುಟ್ಟುವ ಗಿರಣಿಯಲ್ಲಿ ಕೆಲಸ. ಹೋದ ದೀಪಾವಳಿ ಹೊತ್ತಿಗೆ ಒಂದು ದಿನ ಖಾರಪುಡಿ ಜೋರಾಗಿ ಮೂಗಿಗೆ ಹೊಡೆದು ವಿಪರೀತ ಕೆಮ್ಮಿದೆ. ಅಂದಿನಿಂದ ಘಾಟು ತಾಕಿದರೆ ಸಾಕು, ಯಾರೋ ಗಂಟಲು ಹಿಚುಕಿದ ಹಾಗಾಗುತ್ತದೆ. ಉಸಿರು ಒಳಗೆ ಎಳೆಯೋಕೆ ಆಗುವುದಿಲ್ಲ, ಎಳೆದರೆ ಕೀಂ ಅಂತ ಸದ್ದು, ಧ್ವನಿಯೂ ಒಡೆಯುತ್ತದೆ. ಐದು ನಿಮಿಷಕ್ಕೆ ತಾನಾಗೇ ಸರಿ. ಈಗ ಫಿನೈಲ್, ಊದಿನಕಡ್ಡಿ, ಒಗ್ಗರಣೆಗೂ ಹೀಗೇ ಆಗುತ್ತಿದೆ. ಅಸ್ತಮಾ ಅಂತ ಪಂಪ್ ಕೊಟ್ಟರು, ಗುಣ ಕಾಣಲಿಲ್ಲ. ಇನ್ನೊಬ್ಬ ಡಾಕ್ಟರು ಟೆನ್ಶನ್ ಅಂದರು. ಮನೆಯಲ್ಲಂತೂ ನಾಟಕ ಅಂತಾರೆ.

ಉತ್ತರ: ಅಕ್ಕಾ, ನಾಟಕ ಅಂದವರನ್ನು ಮೊದಲು ಒಂದು ತಾಸು ನಿಮ್ಮ ಗಿರಣಿಯಲ್ಲಿ ನಿಲ್ಲಿಸಿ.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನಿಸಿದ್ದು ಒಂದೇ ಮಾತು: ಉಸಿರು ಒಳಗೆ ಎಳೆಯೋಕೆ ಆಗುವುದಿಲ್ಲ ಅನ್ನೋದು. ಅಸ್ತಮಾದಲ್ಲಿ ಸಾಮಾನ್ಯವಾಗಿ ಕಷ್ಟವಾಗೋದು ಉಸಿರು ಹೊರಗೆ ಬಿಡುವಾಗ. ಬಿಗಿತ ಎದೆಯಲ್ಲಿರುತ್ತದೆ, ರಾತ್ರಿ, ಬೆಳಗಿನ ಜಾವ ಜಾಸ್ತಿ, ಪಂಪ್ ತಗೊಂಡರೆ ಇಳಿಯುತ್ತದೆ. ನಿಮ್ಮದು ಗಂಟಲಲ್ಲಿ, ತಟ್ಟನೆ ಬಂದು ತಟ್ಟನೆ ಹೋಗುತ್ತದೆ. ಇದು ಧ್ವನಿಪೆಟ್ಟಿಗೆಯ ತೊಂದರೆ ಇರಬಹುದು. ಡಾಕ್ಟರುಗಳು ವೋಕಲ್ ಕಾರ್ಡ್ ಡಿಸ್‌ಫಂಕ್ಷನ್ ಅಂತಾರೆ.

ಧ್ವನಿಪೆಟ್ಟಿಗೆ ಇರೋದೇ ಮಾತಾಡೋಕೆ ಅಂದುಕೊಂಡಿದ್ದೇವೆ, ಅಲ್ವಾ? ಅದರ ಮೊದಲ ಕೆಲಸ ಕಾವಲು. ನೀರು ನೆತ್ತಿಗೆ ಹತ್ತಿದಾಗ ಪಟ್ ಅಂತ ಕದ ಹಾಕಿ ಕೆಮ್ಮಿಸುವುದು ಅದೇ. ಉಸಿರು ಎಳೆಯುವಾಗ ಒಳಗಿನ ಎರಡು ಸ್ವರತಂತುಗಳು ಅಗಲವಾಗಿ ತೆರೆಯಬೇಕು. ಒಂದು ಸಲ ಜೋರು ಪೆಟ್ಟು ಬಿದ್ದ ಮೇಲೆ ಕೆಲವರಲ್ಲಿ ಆ ಜಾಗದ ನರಗಳು ಸೂಕ್ಷ್ಮವಾಗಿಬಿಡುತ್ತವೆ. ಆಮೇಲೆ ಕಾವಲುಗಾರನಿಗೆ ಕಳ್ಳ ಯಾರು, ನೆಂಟ ಯಾರು ಗೊತ್ತಾಗುವುದಿಲ್ಲ. ಊದಿನಕಡ್ಡಿ ಹೊಗೆಗೂ ಕದ ಹಾಕುತ್ತಾನೆ, ಅದೂ ಉಸಿರು ಒಳಗೆ ಹೋಗಬೇಕಾದ ಹೊತ್ತಿಗೇ.

ಖಾರ ಇದಕ್ಕೆ ಹೇಳಿಮಾಡಿಸಿದ ವಸ್ತು. ಮೆಣಸಿನಕಾಯಿಯ ಕ್ಯಾಪ್ಸೈಸಿನ್, ನಮ್ಮ ನರಗಳಲ್ಲಿ ಬಿಸಿ ತಾಕಿದ್ದನ್ನು ತಿಳಿಸುವ ಜಾಗವನ್ನೇ ಹೋಗಿ ಒತ್ತುತ್ತದೆ. ಬೆಂಕಿ ಇಲ್ಲದೆ ಉರಿಯೋದು ಅದಕ್ಕೇ. ಡೇವಿಡ್ ಜೂಲಿಯಸ್ ಎಂಬ ವಿಜ್ಞಾನಿ ಇದನ್ನು ಕಂಡುಹಿಡಿದದ್ದಕ್ಕೆ 2021ರಲ್ಲಿ ನೊಬೆಲ್ ಬಂತು. ಅವರೂ ಹುಡುಕಾಟಕ್ಕೆ ಹಿಡಿದದ್ದು ಮೆಣಸಿನಕಾಯಿ ಖಾರವನ್ನೇ! ಕೆಮ್ಮಿನ ಸಂಶೋಧನೆ ಮಾಡುವವರು ಬೇಕೆಂದೇ ಕೆಮ್ಮು ತರಿಸೋಕೆ ಬಳಸುವುದೂ ಇದನ್ನೇ. ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ ಅಂತೀರಿ, ನಿಜ. ಆದರೆ ಪುಡಿ ಗಾಳಿಯಲ್ಲಿ ತುಂಬಿಕೊಂಡರೆ ಕಡಿಮೆ ಖಾರವೂ ಸಾಕು.

ಪಂಪಿನ ಔಷಧಿ ಎದೆಯೊಳಗಿನ ಸಣ್ಣ ಕೊಳವೆಗಳನ್ನು ಸಡಿಲ ಮಾಡುತ್ತದೆ, ಸ್ವರತಂತುಗಳನ್ನಲ್ಲ. ಹಾಗಂತ ನೀವೇ ಬಿಟ್ಟುಬಿಡಬೇಡಿ, ಎರಡೂ ಕಾಯಿಲೆ ಒಬ್ಬರಲ್ಲೇ ಇರುವುದುಂಟು. ಹುಬ್ಬಳ್ಳಿ ಕಿಮ್ಸ್‌ನಂಥ (ಈಗಿನ ಹೆಸರು ಕೆಎಂಸಿಆರ್‌ಐ) ದೊಡ್ಡ ಆಸ್ಪತ್ರೆಯಲ್ಲಿ ಕಿವಿ-ಮೂಗು-ಗಂಟಲು ಡಾಕ್ಟರಿಗೆ ತೋರಿಸಿ. ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡುತ್ತಾರೆ. ತೊಂದರೆ ಇಲ್ಲದ ಹೊತ್ತಿನಲ್ಲಿ ಎಲ್ಲ ಸರಿಯಾಗೇ ಕಾಣಬಹುದು, ಅದಕ್ಕೇ "ಏನೂ ಇಲ್ಲ" ಅಂತ ವಾಪಸ್ ಬಂದವರು ಬಹಳ. ಮುಂದಿನ ಸಲ ಹೀಗಾದಾಗ ಹತ್ತಿರ ಇದ್ದವರಿಗೆ ಹೇಳಿ ಮೊಬೈಲಿನಲ್ಲಿ ಆ ಸದ್ದು ರೆಕಾರ್ಡ್ ಮಾಡಿಸಿಕೊಂಡು ಹೋಗಿ.

ಇದಕ್ಕೆ ಮಾತ್ರೆಗಿಂತ ಸ್ಪೀಚ್ ಥೆರಪಿಸ್ಟ್ ಕಲಿಸುವ ಉಸಿರಾಟವೇ ಮುಖ್ಯ ಚಿಕಿತ್ಸೆ. ಹೂವಿನ ವಾಸನೆ ನೋಡುವ ಹಾಗೆ ಮೂಗಿನಿಂದ ಚಿಕ್ಕದಾಗಿ ಎಳೆದು, ತುಟಿ ಚೂಪು ಮಾಡಿ ಬಿಸಿ ಚಹಾ ಆರಿಸುವ ಹಾಗೆ ನಿಧಾನ ಬಿಡಬೇಕು. ಸುಮ್ನೆ ಕೂತಾಗಲೇ ರೂಢಿ ಮಾಡಿಕೊಳ್ಳಿ, ಗಂಟಲು ಹಿಡಿದ ಮೇಲೆ ಕಲಿಯೋಕಾಗೋಲ್ಲ. ಪದೇಪದೇ ಕ್ಯಾಕರಿಸಬೇಡಿ. ಹುಳಿತೇಗು ಇದ್ದರೆ ಅದಕ್ಕೂ ಔಷಧಿ ತಗೊಳ್ಳಿ, ಅದು ಗಂಟಲನ್ನು ಇನ್ನಷ್ಟು ಕೆರಳಿಸುತ್ತದೆ. ಸೆರಗು ಕಟ್ಟಿಕೊಂಡರೆ ಸಣ್ಣ ಪುಡಿ ನಿಲ್ಲುವುದಿಲ್ಲ, ಎನ್95 ಮಾಸ್ಕ್ ಬೇಕು. ಮಾಲೀಕರಿಗೆ ಹೇಳಿ ಪುಡಿ ಏಳುವ ಜಾಗ ಬಿಟ್ಟು ಬೇರೆ ಕೆಲಸ ಕೇಳಿ. ಕೇಳೋದು ಕಷ್ಟ ಅಂತ ಗೊತ್ತು, ಆದರೂ ಕೇಳಿ. ತುಟಿ ನೀಲಿಯಾದರೆ, ನಾಲಿಗೆ ಬಾತರೆ, ಮೈಮೇಲೆ ದದ್ದು ಎದ್ದರೆ ಮಾತ್ರ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಪ್ರಶ್ನೆ: ಬಚ್ಚಲು ಚೆನ್ನಾಗಿ ಬೆಳ್ಳಗಾಗಲಿ ಅಂತ ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಕಲಸಿದೆ. ಉಸಿರು ಕಟ್ಟಿ ಹೊರಗೆ ಓಡಿದೆ. ಎರಡು ತಿಂಗಳಾದರೂ ಕೆಮ್ಮು, ಉಬ್ಬಸ ಹೋಗಿಲ್ಲ. ಮುಂಚೆ ಏನೂ ಇರಲಿಲ್ಲ. (ಗದಗ)

ಉತ್ತರ: ತಮ್ಮಾ, ನೀನು ಬಚ್ಚಲಲ್ಲಿ ಕ್ಲೋರಿನ್ ಅನಿಲ ತಯಾರಿಸಿದ್ದೀಯ. ಒಂದೇ ಸಲ ಜಾಸ್ತಿ ಎಳೆದುಕೊಂಡರೂ ಶ್ವಾಸನಾಳ ಕೆರಳಿ ಅಸ್ತಮಾದಂಥ ತೊಂದರೆ ತಿಂಗಳುಗಟ್ಟಲೆ ಉಳಿಯಬಹುದು. ಇಲ್ಲಿ ಪಂಪ್ ಕೆಲಸಕ್ಕೆ ಬರುತ್ತದೆ, ಎದೆ ಡಾಕ್ಟರ ಹತ್ತಿರ ಉಸಿರು ಊದುವ ಪರೀಕ್ಷೆ ಮಾಡಿಸು. ಹೋಗುವಾಗ ಆ ಎರಡೂ ಡಬ್ಬಿಯ ಲೇಬಲ್ ಫೋಟೋ ತೆಗೆದುಕೊಂಡು ಹೋಗು, ಡಬ್ಬಿಗಳನ್ನು ಬೇರೆ ಬೇರೆ ಕಪಾಟಿನಲ್ಲಿಡು.