ಕೆಂಪು ಬಣ್ಣ ಮಂಕಾಗಿ ಕಂಡರೆ ತಡ ಮಾಡಬೇಡಿ

ಪ್ರಶ್ನೆ: ಡಾಕ್ಟ್ರೇ, ನನಗೆ 46 ವರ್ಷ. ತೂಕ 58 ಕೆ.ಜಿ. ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ಆರಿಸುವ ಕೆಲಸ. ಶ್ವಾಸಕೋಶದ ಟಿಬಿಗೆ ದಿನಕ್ಕೆ 4 ಮಾತ್ರೆ ತಗೊಳ್ತಿದ್ದೀನಿ, ಈಗ ನಾಲ್ಕನೇ ತಿಂಗಳು. ಕೆಮ್ಮು ನಿಂತಿದೆ, ಊಟ ಸೇರುತ್ತಿದೆ. ಆದರೆ ಈಚೆಗೆ ಹಣ್ಣು ಯಾವುದು, ದೋರುಗಾಯಿ ಯಾವುದು ಅಂತ ಗೊತ್ತಾಗುತ್ತಿಲ್ಲ. ಕೆಂಪೆಲ್ಲ ಮಂಕು. ಕನ್ನಡಕ ಬದಲಾಯಿಸಲೇ, ಮಾತ್ರೆ ಬಿಡಲೇ?

ಉತ್ತರ: ಎರಡೂ ಬೇಡಮ್ಮ. ನಾಳೆಯ ಮಾತ್ರೆ ನುಂಗುವ ಮೊದಲೇ ಟಿಬಿ ಕೇಂದ್ರಕ್ಕೆ ಹೋಗಿ. ಪತ್ರ ನೋಡಿದ ಕೂಡಲೇ ಫೋನ್ ಮಾಡಿ ನಿಮಗಿದನ್ನು ಹೇಳಿದ್ದೇನೆ. ಇಲ್ಲಿ ಬರೆಯುತ್ತಿರುವುದು ಇದೇ ಮಾತ್ರೆ ತಗೊಳ್ಳುವ ಉಳಿದವರಿಗೂ ತಿಳಿಯಲಿ ಅಂತ.

ನಿಮ್ಮ ಒಂದೊಂದು ಮಾತ್ರೆಯಲ್ಲೂ 275 ಮಿಲಿಗ್ರಾಂ ಎಥಾಂಬ್ಯುಟಾಲ್ ಇರುತ್ತದೆ. ನಾಲ್ಕಕ್ಕೆ 1100. ನಿಮ್ಮ ತೂಕಕ್ಕೆ ಅದು ಜಾಸ್ತಿಯೇನಲ್ಲ. ಆದರೂ ಕೆಲವರಲ್ಲಿ ಈ ಔಷಧಿ ಕಣ್ಣಿನ ನರಕ್ಕೆ ತಾಗುತ್ತದೆ. ಸಾಮಾನ್ಯವಾಗಿ ಎರಡು ತಿಂಗಳು ಕಳೆದ ಮೇಲೆ ಶುರುವಾಗುತ್ತದೆ. ಮೊದಲು ಕೆಡುವುದು ಎಷ್ಟೋ ಸಲ ಕೆಂಪು, ಹಸಿರು. ನಿಮ್ಮ ಕೆಲಸವೇ ಬಣ್ಣ ನೋಡುವುದು, ಅದಕ್ಕೇ ಬೇಗ ಗೊತ್ತಾಯಿತು. ಇದು ನಿಜಕ್ಕೂ ಒಳ್ಳೆಯದಾಯಿತು. ಬೇಗ ನಿಲ್ಲಿಸಿದರೆ ಹೆಚ್ಚಿನವರಿಗೆ ದೃಷ್ಟಿ ನಿಧಾನವಾಗಿ ಮರಳುತ್ತದೆ. ಕೆಲವು ವಾರ, ಕೆಲವರಿಗೆ ತಿಂಗಳುಗಳೇ ಬೇಕಾದೀತು. ತಡ ಮಾಡಿದರೆ ಹಾಗೇ ಉಳಿದುಬಿಡಬಹುದು.

ಹಾಗಂತ ನೀವಾಗಿಯೇ ಮಾತ್ರೆ ಬಿಡಬೇಡಿ. ಒಂದೇ ಮಾತ್ರೆಯಲ್ಲಿ ಮೂರು ಔಷಧಿ ಸೇರಿರುತ್ತವೆ. ಬಿಟ್ಟರೆ ಮೂರನ್ನೂ ಬಿಟ್ಟಂತೆ. ಆಗ ಟಿಬಿ ಮತ್ತೆ ತಲೆ ಎತ್ತುತ್ತದೆ, ಔಷಧಿಗೆ ಬಗ್ಗದಂತೆಯೂ ಆಗಬಹುದು. ಎಥಾಂಬ್ಯುಟಾಲ್ ಒಂದನ್ನೇ ತೆಗೆದು ಉಳಿದ ಎರಡನ್ನು ಬೇರೆ ಬೇರೆ ಮಾತ್ರೆಯಾಗಿ ಕೊಡುವ ದಾರಿ ಇದೆ. ಅದನ್ನು ಡಾಕ್ಟರೇ ನಿರ್ಧರಿಸಬೇಕು. ಜೊತೆಗೆ ಕಿಡ್ನಿ ಪರೀಕ್ಷೆಯನ್ನೂ ಮಾಡಿಸಿ. ಈ ಔಷಧಿ ಮುಖ್ಯವಾಗಿ ಮೂತ್ರದಲ್ಲೇ ಹೊರಹೋಗಬೇಕು. ಕಿಡ್ನಿ ಸೋತಿದ್ದರೆ ಮೈಯಲ್ಲೇ ಉಳಿಯುತ್ತದೆ.

ಇದೇ ಮಾತ್ರೆ ತಗೊಳ್ಳುವವರೆಲ್ಲ ಆಗಾಗ ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ಕುಂಕುಮದ ಡಬ್ಬಿಯನ್ನೋ ಕೆಂಪು ಬಟ್ಟೆಯನ್ನೋ ನೋಡಿ. ಆಮೇಲೆ ಆ ಕಣ್ಣು ಮುಚ್ಚಿ ಈ ಕಣ್ಣಿಂದ ನೋಡಿ. ಬಣ್ಣ ಮಾಸಿದಂತೆ ಕಂಡರೆ, ಅಕ್ಷರ ಮಸುಕಾದರೆ, ಅಂದೇ ಹೇಳಿ.

ಕಣ್ಣಿನ ಡಾಕ್ಟರ ಹತ್ತಿರ ಟಿಬಿ ಚಿಕಿತ್ಸೆಯ ಕಾರ್ಡ್ ತಪ್ಪದೆ ಒಯ್ಯಿರಿ. ಶುರುವಿನಲ್ಲಿ ಟಾರ್ಚ್ ಹಾಕಿ ಒಳಗೆ ನೋಡಿದರೂ ನರ ಸರಿಯಾಗಿಯೇ ಕಾಣಬಹುದು. ಹಾಗಾಗಿ ಬಣ್ಣದ ಚುಕ್ಕಿಗಳ ನಡುವೆ ಅಂಕಿ ಗುರುತಿಸುವ ಪರೀಕ್ಷೆಯನ್ನೂ ಮಾಡಿ ಅಂತ ನೀವೇ ಕೇಳಿ.