ಬೋರ್ಡ್ ಬದಲಿಸುವ ಮುನ್ನ, ಬದಲಿಸುವಾಗ

ಈ ಸಲ ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಬಂದ ಪತ್ರಗಳಲ್ಲಿ ಲ್ಯಾಪ್‌ಟಾಪ್ ಮದರ್‌ಬೋರ್ಡಿನದೇ ಮಾತು. ಒಟ್ಟಿಗೆ ಉತ್ತರಿಸಿದ್ದೇವೆ.

ಪ್ರಶ್ನೆ: ಐದು ವರ್ಷದ ಲ್ಯಾಪ್‌ಟಾಪ್. ರಾತ್ರಿ ಚಾರ್ಜಿಗೆ ಹಾಕಿ ಮಲಗಿದ್ದೆ. ಬೆಳಿಗ್ಗೆ ಬಟನ್ ಒತ್ತಿದರೆ ಲೈಟೂ ಇಲ್ಲ, ಫ್ಯಾನೂ ಇಲ್ಲ. ಅಂಗಡಿಯವರು ಹತ್ತು ನಿಮಿಷ ನೋಡಿ ‘ಬೋರ್ಡ್ ಹೋಗಿದೆ, ಚೇಂಜ್ ಮಾಡಬೇಕು’ ಅಂದರು. ನಂಬಬಹುದೇ?
(ಇಂಜಿನಿಯರಿಂಗ್ ವಿದ್ಯಾರ್ಥಿನಿ, ದಾವಣಗೆರೆ)

ಉತ್ತರ: ಬೋರ್ಡಿನಲ್ಲಿ ತೊಂದರೆಯಿದೆ ಎಂದು ಹತ್ತು ನಿಮಿಷದಲ್ಲಿ ಹೇಳಬಹುದು. ಬದಲಿಸಲೇಬೇಕು ಎಂದು ಹೇಳಲು ಅಷ್ಟು ಸಾಲದು.

ಮೊದಲು ಅಡಾಪ್ಟರ್ ನೋಡಿ. ಕರೆಂಟ್ ಹೋಗಿ ಬರುವಾಗಿನ ಏಟು ಮೊದಲು ಬೀಳುವುದು ಅದಕ್ಕೇ. ದುಂಡು ಪಿನ್ನಿನದಾದರೆ ಒಳಗೋಡೆಗೂ ಹೊರಗೋಡೆಗೂ ನಡುವೆ ಮಲ್ಟಿಮೀಟರ್ ಸಾಮಾನ್ಯವಾಗಿ 19, 19.5 ಅಥವಾ 20 ವೋಲ್ಟ್ ತೋರಿಸಬೇಕು. ಅಡಾಪ್ಟರಿನ ಮೇಲೇ ಬರೆದಿರುತ್ತದೆ. ಟೈಪ್-ಸಿ ಚಾರ್ಜರನ್ನು ಹೀಗೆ ಅಳೆಯಲಾಗದು. ಅದು ಲ್ಯಾಪ್‌ಟಾಪಿನ ಜೊತೆ ಮಾತಾಡಿಕೊಂಡ ಮೇಲಷ್ಟೇ 5ರಿಂದ 20 ವೋಲ್ಟಿಗೆ ಏರುತ್ತದೆ. ನಡುವೆ ಸಿಕ್ಕಿಸುವ ಪುಟ್ಟ ಯುಎಸ್‌ಬಿ ಮೀಟರ್ 5ರಲ್ಲೇ ನಿಂತಿದ್ದರೆ ಅನುಮಾನ ಚಾರ್ಜರ್, ಕೇಬಲ್, ಜ್ಯಾಕ್, ಇಲ್ಲವೇ ಬೋರ್ಡಿನ ಟೈಪ್-ಸಿ ಕಂಟ್ರೋಲರ್ ಮೇಲೆ.

ಅಡಾಪ್ಟರ್ ಸರಿಯಿದ್ದರೆ ಅದನ್ನು ಕಿತ್ತು, ಹಿಂಬದಿ ಮುಚ್ಚಳ ತೆಗೆದು, ಬ್ಯಾಟರಿ ಕನೆಕ್ಟರ್ ಬಿಡಿಸಿ, ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿಯಿರಿ. ಆಮೇಲೆ ಬರೀ ಅಡಾಪ್ಟರ್ ಹಾಕಿ ನೋಡಿ. ಎಷ್ಟೋ ‘ಡೆಡ್’ ಲ್ಯಾಪ್‌ಟಾಪ್‌ಗಳು ಇಷ್ಟಕ್ಕೇ ಎದ್ದು ಕೂರುತ್ತವೆ. ಲೈಟ್ ಬಂದು ಚಿತ್ರ ಬರದಿದ್ದರೆ ರ‍್ಯಾಮ್ ಕಿತ್ತು, ಚಿನ್ನದ ಬಣ್ಣದ ಅಂಚನ್ನು ಮೆತ್ತನೆಯ ರಬ್ಬರಿನಿಂದ ಒರೆಸಿ, ಒಂದೊಂದಾಗಿ ಹಾಕಿ ನೋಡಿ.

ಇದೆಲ್ಲ ಆದಮೇಲೂ ಏಳದಿದ್ದರೆ ಚಿಪ್ ಲೆವೆಲ್ ಕೆಲಸ, ಅಂದರೆ ಬೋರ್ಡಿನ ಒಂದೊಂದೇ ಬಿಡಿಭಾಗ ಬದಲಿಸುವ ಕೆಲಸ ಬಲ್ಲವರಲ್ಲಿಗೆ ಹೋಗಿ. ಅವರು ಡಿಸಿ ಪವರ್ ಸಪ್ಲೈಯಿಂದ 19 ವೋಲ್ಟ್ ಕೊಟ್ಟು ಬೋರ್ಡ್ ಎಷ್ಟು ಆಂಪಿಯರ್ ಎಳೆಯುತ್ತದೆಂದು ನೋಡುತ್ತಾರೆ. ಬಟನ್ ಒತ್ತುವ ಮೊದಲೇ ಆಂಪಿಯರ್ ನೆಗೆದು ವೋಲ್ಟೇಜ್ ಕುಸಿದರೆ ಎಲ್ಲೋ ಶಾರ್ಟ್ ಇದೆ. 19 ವೋಲ್ಟ್ ಲೈನಿನ ಒಂದು ಕೆಪಾಸಿಟರ್, ಜ್ಯಾಕ್ ಪಕ್ಕದ ಮಾಸ್ಫೆಟ್ (ಕರೆಂಟನ್ನು ಬಿಡುವ, ತಡೆಯುವ ಪುಟ್ಟ ಸ್ವಿಚ್), ಚಾರ್ಜಿಂಗ್ ಐಸಿ, ಎಂಟು ಕಾಲಿನ ಬಯಾಸ್ ಚಿಪ್ (ಆನ್ ಆದಾಗ ಮೊದಲು ಓಡುವ ಪ್ರೋಗ್ರಾಂ ಇರುವುದು): ಇವುಗಳಲ್ಲಿ ಒಂದು ಹೋದರೆ ಅದೊಂದನ್ನೇ ಬದಲಿಸಬಹುದು, ಬಯಾಸ್ ಆದರೆ ಮರುಬರೆಯಬಹುದು. ಪ್ರೊಸೆಸರ್ ಒಳಗೇ ಶಾರ್ಟ್ ಆಗಿದ್ದರೆ, ಬೋರ್ಡ್ ಬಿರುಕು ಬಿಟ್ಟಿದ್ದರೆ, ಚಹಾ ಬಿದ್ದು ಒಳಪದರದ ತಾಮ್ರ ತಿಂದುಹೋಗಿದ್ದರೆ ಬದಲಿಸುವುದೇ ಸರಿ.

ಅಂಗಡಿಯವರನ್ನು ಒಂದೇ ಪ್ರಶ್ನೆ ಕೇಳಿ: ‘ಯಾವ ಲೈನ್ ಶಾರ್ಟ್, ಎಷ್ಟು ವೋಲ್ಟ್ ಬರ್ತಿದೆ?’ ನಿಜವಾಗಿ ಅಳತೆ ಮಾಡಿದವರು ತಡವರಿಸದೆ ಹೇಳುತ್ತಾರೆ.

ಪ್ರಶ್ನೆ: ಮಾಡೆಲ್ ಹೆಸರು ಹೇಳಿ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬೋರ್ಡ್ ತರಿಸಿದೆ. ತೂತುಗಳೆಲ್ಲ ಸರಿ, ಆದರೆ ಚಿಪ್ಪಿನ ಬಿಸಿ ಹೀರುವ ಹೀಟ್‌ಸಿಂಕ್ ಕೂರುತ್ತಿಲ್ಲ. ಯಾಕೆ?
(ಡಿಟಿಪಿ ಕೆಲಸದವರು, ಚಿತ್ರದುರ್ಗ)

ಉತ್ತರ: ಗ್ರಾಫಿಕ್ಸ್ ಚಿಪ್ ಇರುವ ಬೋರ್ಡಿಗೂ ಇಲ್ಲದ್ದಕ್ಕೂ ಹೀಟ್‌ಸಿಂಕ್ ಬೇರೆ. ಮುಚ್ಚಳದ ಮೇಲಿನ ಮಾಡೆಲ್ ಹೆಸರು ಒಂದು ಕುಟುಂಬದ ಹೆಸರಷ್ಟೇ. ಅದರೊಳಗೆ ಐ3, ಐ5, ಗ್ರಾಫಿಕ್ಸ್ ಇರುವುದು, ಇಲ್ಲದ್ದು ಎಂದು ಹಲವು ಬೋರ್ಡುಗಳಿರುತ್ತವೆ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್ ಬೋರ್ಡಿಗೇ ಬೆಸೆದಿರುವುದರಿಂದ ಹಳೆಯದನ್ನು ಕಿತ್ತು ಹೊಸದರಲ್ಲಿ ಕೂರಿಸುವ ಮಾತೇ ಇಲ್ಲ.

ಎರಡು ನಂಬರ್ ಬೇಕು. ಒಂದು, ಬೋರ್ಡಿನ ಮೇಲೆ ಬಿಳಿ ಅಕ್ಷರದಲ್ಲಿ ಅಚ್ಚಾದದ್ದು. ಬ್ರ್ಯಾಂಡುಗಳಿಗೆ ಬೋರ್ಡ್ ಮಾಡಿಕೊಡುವ ಕಂಪನಿಗಳಲ್ಲಿ ಕಾಂಪಾಲ್ ತಯಾರಿಸಿದ್ದಾದರೆ ‘ಎಲ್‌ಎ’ ಎಂದೂ ಕ್ವಾಂಟಾದ್ದಾದರೆ ‘ಡಿಎ0’ ಎಂದೂ ಶುರುವಾಗುತ್ತದೆ. ಪಕ್ಕದ ರಿವಿಷನ್ ಸಂಖ್ಯೆಯನ್ನೂ ಬರೆದುಕೊಳ್ಳಿ. ಇನ್ನೊಂದು, ಲ್ಯಾಪ್‌ಟಾಪ್ ಕಂಪನಿಯ ಬಿಡಿಭಾಗದ ನಂಬರ್. ಡೆಲ್‌ನಲ್ಲಿ ಐದು ಅಕ್ಷರದ ಪಾರ್ಟ್ ನಂಬರ್, ಲೆನೊವೊದಲ್ಲಿ ಎಫ್‌ಆರ್‌ಯು, ಎಚ್‌ಪಿಯಲ್ಲಿ ಸ್ಪೇರ್ ಪಾರ್ಟ್ ನಂಬರ್. ಹಳೆಯ ಬೋರ್ಡಿನ ಎರಡೂ ಬದಿಯ ಫೋಟೊ ಕಳಿಸಿಯೇ ತರಿಸಿ. ಸೆಕೆಂಡ್‌ಹ್ಯಾಂಡ್ ಆದರೆ ಬಯಾಸ್ ಪಾಸ್‌ವರ್ಡ್ ಇಲ್ಲವೆಂದು ಕೊಳ್ಳುವ ಮೊದಲೇ ಮಾತಾಡಿಕೊಳ್ಳಿ. ಆಫೀಸುಗಳಿಂದ ಹೊರಬಿದ್ದ ಬೋರ್ಡುಗಳಲ್ಲಿ ಈ ಕಾಟ ಹೆಚ್ಚು.

ಪ್ರಶ್ನೆ: ಸರಿಯಾದ ಬೋರ್ಡ್ ಕೈಯಲ್ಲಿದೆ. ನಾನೇ ಹಾಕಬೇಕೆಂದಿದ್ದೇನೆ. ಎಲ್ಲಿ ಎಚ್ಚರ ಬೇಕು?
(ಸೈಬರ್ ಸೆಂಟರ್ ನಡೆಸುವವರು, ಹರಿಹರ)

ಉತ್ತರ: ಸ್ಕ್ರೂ ಬಿಚ್ಚುವುದು ಸುಲಭ, ಆದರೆ ಯಾವುದು ಎಲ್ಲಿಯದೆಂಬುದು ಮುಖ್ಯ. ರಟ್ಟಿನ ಮೇಲೆ ಲ್ಯಾಪ್‌ಟಾಪಿನ ಚಿತ್ರ ಬರೆದು, ತೆಗೆದ ಸ್ಕ್ರೂವನ್ನು ಅದೇ ಜಾಗದಲ್ಲಿ ಚುಚ್ಚಿಡಿ. ಉದ್ದದ ಸ್ಕ್ರೂ ಗಿಡ್ಡದರ ಜಾಗಕ್ಕೆ ಹೋದರೆ ಕೀಬೋರ್ಡನ್ನು ಉಬ್ಬಿಸುತ್ತದೆ, ಇಲ್ಲವೇ ಬೋರ್ಡನ್ನೇ ಕೊರೆಯುತ್ತದೆ.

ಮುಚ್ಚಳ ತೆಗೆದ ಕೂಡಲೇ ಬ್ಯಾಟರಿ ಕನೆಕ್ಟರ್ ಬಿಡಿಸಿ. ಬೇರೆ ಯಾವ ವೈರನ್ನೂ ಅದಕ್ಕೆ ಮೊದಲು ಮುಟ್ಟಬೇಡಿ. ಬ್ಯಾಟರಿ ಉಬ್ಬಿದ್ದರೆ ಸ್ಕ್ರೂಡ್ರೈವರಿನಿಂದ ಮೀಟಬಾರದು. ಪ್ರತಿ ಕನೆಕ್ಟರನ್ನೂ ಕೀಳುವ ಮುನ್ನ ಫೋಟೊ ತೆಗೆಯಿರಿ.

ಕೀಬೋರ್ಡ್, ಟಚ್‌ಪ್ಯಾಡ್, ಪವರ್ ಬಟನ್ನಿನ ರಿಬ್ಬನ್‌ಗಳಿಗೆ ತೆಳ್ಳನೆಯ ಲಾಕ್ ಇರುತ್ತದೆ. ಕೆಲವು ಮೇಲಕ್ಕೆ ಮಗುಚುತ್ತವೆ, ಕೆಲವು ಹೊರಕ್ಕೆ ಜಾರುತ್ತವೆ. ಜಾರುವುದನ್ನು ಮಗುಚಲು ಹೋದರೆ ಮುರಿಯುತ್ತದೆ. ಉಗುರಿನಿಂದ ನಿಧಾನವಾಗಿ ಎರಡೂ ತುದಿ ಸಮನಾಗಿ ಬಿಡಿಸಿ. ಹಾಕುವಾಗ ರಿಬ್ಬನ್ನಿನ ಬಿಳಿ ಗೆರೆ ಕನೆಕ್ಟರಿಗೆ ನೆಟ್ಟಗೆ ಸಮಾನಾಂತರವಾಗಿರಬೇಕು. ಕೆಲಸ ಮುಗಿದ ಮೇಲೆ ನಾಲ್ಕೈದು ಕೀ ಮಾತ್ರ ಕೆಲಸ ಮಾಡದಿದ್ದರೆ ಕೀಬೋರ್ಡನ್ನು ಬೈಯಬೇಡಿ, ಆ ಗೆರೆ ನೋಡಿ.

ಡಿಸ್ಪ್ಲೇ ಕೇಬಲ್ ವಿಷಯ ಬೇರೆ. ಅದೇ ಕೇಬಲಿನಲ್ಲಿ ಬ್ಯಾಕ್‌ಲೈಟಿನ ಹೆಚ್ಚು ವೋಲ್ಟೇಜೂ ಚಿತ್ರದ ಸೂಕ್ಷ್ಮ ಲೈನುಗಳೂ ಅಕ್ಕಪಕ್ಕ ಹರಿಯುತ್ತವೆ. ಓರೆಯಾಗಿ ಕೂತಾಗ ಪವರ್ ಕೊಟ್ಟರೆ ಹೊಸ ಬೋರ್ಡೋ ಸ್ಕ್ರೀನೋ, ಎರಡರಲ್ಲೊಂದು ಹೋಗುತ್ತದೆ. ಹೊಸ ಬೋರ್ಡ್ ಮೊದಲ ದಿನವೇ ಸತ್ತಿದ್ದಕ್ಕೆ ಕಾರಣ ಹುಡುಕುವಾಗ ಮೊದಲು ನೋಡಬೇಕಾದ್ದು ಈ ಕನೆಕ್ಟರಿನ ಸುಟ್ಟ ಪಿನ್.

ಹೀಟ್‌ಸಿಂಕಿನ ಸ್ಕ್ರೂಗಳ ಪಕ್ಕ 1, 2, 3, 4 ಎಂದು ಬರೆದಿರುತ್ತದೆ. ಬಿಗಿಯುವಾಗ ಅದೇ ಕ್ರಮ, ಬಿಚ್ಚುವಾಗ ಉಲ್ಟಾ. ಒಂದೇ ಸಲ ಪೂರ್ತಿ ತಿರುಗಿಸದೆ ಸುತ್ತುಸುತ್ತಾಗಿ ಬಿಗಿಯಿರಿ. ಒಂದು ಮೂಲೆ ಮೊದಲೇ ಬಿಗಿದರೆ ಪ್ರೊಸೆಸರಿನ ಬರಿಮೈ ಸಿಲಿಕಾನ್ ಅಂಚು ಚಕ್ಕೆ ಏಳಬಹುದು. ಚಿಪ್ಪಿನ ಬಿಸಿಯನ್ನು ಹೀಟ್‌ಸಿಂಕಿಗೆ ದಾಟಿಸುವ ಹಳೆಯ ಥರ್ಮಲ್ ಪೇಸ್ಟನ್ನು 99% ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಹೊಸದನ್ನು ಅಕ್ಕಿಕಾಳಿನಷ್ಟು ಹಾಕಿದರೆ ಸಾಕು. ಉದ್ದನೆಯ ಚಿಪ್ಪಿಗೆ ತೆಳ್ಳಗೆ ಸವರಿ. ಥರ್ಮಲ್ ಪ್ಯಾಡ್ (ಅದೇ ಕೆಲಸದ ಮೆತ್ತನೆಯ ಪಟ್ಟಿ) ಇದ್ದ ಕಡೆ ಪೇಸ್ಟ್ ಹಾಕಬೇಡಿ. ಅಲ್ಲಿರುವ ಅರ್ಧ ಅಥವಾ ಒಂದು ಮಿಲಿಮೀಟರ್ ಸಂದಿಯನ್ನು ಪೇಸ್ಟ್ ತುಂಬಲಾರದು, ಅದೇ ದಪ್ಪದ ಪ್ಯಾಡೇ ಬೇಕು. ಬೆಣ್ಣೆದೋಸೆ ತಿಂದ ಕೈಯಲ್ಲಿ ಈ ಕೆಲಸಕ್ಕೆ ಕೂರಬೇಡಿ ಎಂದು ದಾವಣಗೆರೆ ಸೀಮೆಯವರಿಗೆ ಬೇರೆಯಾಗಿ ಹೇಳಬೇಕಿಲ್ಲ. ಫ್ಯಾನ್ ಬಿಚ್ಚಿದ್ದೀರಲ್ಲ, ರೆಕ್ಕೆಗೂ ಹೀಟ್‌ಸಿಂಕಿನ ಜಾಲರಿಗೂ ನಡುವೆ ಕಂಬಳಿಯಂತೆ ಕೂತ ಧೂಳನ್ನೂ ಈಗಲೇ ತೆಗೆಯಿರಿ.

ಎಲ್ಲ ಸ್ಕ್ರೂ ಹಾಕುವ ಮೊದಲೇ ಒಮ್ಮೆ ಆನ್ ಮಾಡಿ ನೋಡಿ: ಹೀಟ್‌ಸಿಂಕ್, ಫ್ಯಾನ್, ಒಂದು ರ‍್ಯಾಮ್, ಡಿಸ್ಪ್ಲೇ, ಪವರ್ ಬಟನ್ ಇಷ್ಟೇ ಇರಲಿ. ಹೀಟ್‌ಸಿಂಕ್ ಇಲ್ಲದೆ ಮಾತ್ರ ಒಂದು ಕ್ಷಣವೂ ಬೇಡ. ಮೊದಲ ಸಲ ಬೋರ್ಡ್ ರ‍್ಯಾಮನ್ನು ಪರೀಕ್ಷಿಸಿಕೊಳ್ಳುವಾಗ ಪರದೆ ಕಪ್ಪಗಿದ್ದು ತಾನಾಗಿಯೇ ಒಂದೆರಡು ಸಲ ಆಫ್ ಆಗಿ ಆನ್ ಆಗಬಹುದು. ಡಿಡಿಆರ್5 ಬಗೆಯ ರ‍್ಯಾಮ್ ಆದರೆ ಕೆಲವು ನಿಮಿಷ ಕಾಯಿರಿ. ಗಾಬರಿಯಲ್ಲಿ ವೈರ್ ಕೀಳಬೇಡಿ.

ವೈಫೈ ಆಂಟೆನಾದ ಕಪ್ಪು, ಬಿಳಿ ವೈರುಗಳನ್ನು ‘ಟಕ್’ ಎನ್ನುವವರೆಗೆ ಒತ್ತಿ. ಮರೆತರೆ ರೂಟರ್ ಪಕ್ಕ ಮಾತ್ರ ಸಿಗ್ನಲ್.

ಪ್ರಶ್ನೆ: ಬೋರ್ಡ್ ಬದಲಾಯಿತು. ಈಗ ವಿಂಡೋಸ್ 48 ಅಂಕಿಯ ಕೀ ಕೇಳುತ್ತಿದೆ.
(ಚಳ್ಳಕೆರೆ)

ಉತ್ತರ: ಡಿಸ್ಕ್ ವಿಂಡೋಸಿನದೇ ಬೀಗವಾದ ಬಿಟ್‌ಲಾಕರಿನಿಂದ ಲಾಕ್ ಆಗಿದೆ. ಬೀಗದ ಗುಟ್ಟು ಹಳೆಯ ಬೋರ್ಡಿನ ಟಿಪಿಎಂ ಎಂಬ ಭದ್ರತಾ ಭಾಗದಲ್ಲಿ ಉಳಿಯಿತು. ಮೈಕ್ರೊಸಾಫ್ಟ್ ಖಾತೆಯಿಂದ ವಿಂಡೋಸ್ ಹೊಂದಿಸಿದ್ದರೆ ನಿಮಗೆ ಗೊತ್ತಿಲ್ಲದೆಯೇ ಇದು ಆನ್ ಆಗಿರಬಹುದು; ಆಗ ಕೀಯೂ ಅದೇ ಖಾತೆಯಲ್ಲಿರುತ್ತದೆ. ಮೊಬೈಲಿನಲ್ಲಿ ಲಾಗಿನ್ ಆಗಿ ರಿಕವರಿ ಕೀ ಪುಟ ನೋಡಿ. ಪರದೆಯ ಮೇಲಿನ ಕೀ ಐಡಿಗೆ ಹೊಂದುವುದನ್ನೇ ಹಾಕಿ. ಕೀ ಎಲ್ಲೂ ಇಲ್ಲದಿದ್ದರೆ ಆ ಫೈಲುಗಳನ್ನು ಯಾರೂ ತೆಗೆದುಕೊಡಲಾರರು, ಹಣ ಕೇಳುವವರಿಗೆ ಕೊಡಬೇಡಿ. ಇನ್ನೂ ಬಿಚ್ಚದೆ ಓದುತ್ತಿರುವವರು ಕೀ ಬರೆದಿಟ್ಟುಕೊಂಡೇ ಸ್ಕ್ರೂಡ್ರೈವರ್ ಹಿಡಿಯಿರಿ.

ಕೀ ಹಾಕಿದ ಮೇಲೆ ನೀಲಿ ಪರದೆ ಬಂದು ಬೂಟ್ ಡಿವೈಸ್ ಸಿಗಲಿಲ್ಲವೆಂದರೆ ಬಯಾಸಿನಲ್ಲಿ ಸ್ಟೋರೇಜ್ ಮೋಡ್ (ಡಿಸ್ಕಿನ ಜೊತೆ ಮಾತಾಡುವ ಬಗೆ) ಹಳೆಯ ಬೋರ್ಡಿನಂತೆ ಮಾಡಿ. ವಿಎಂಡಿ ಅಥವಾ ಆರ್‌ಎಸ್‌ಟಿ ಒಂದು ಬಗೆ, ಎಎಚ್‌ಸಿಐ ಇನ್ನೊಂದು. ವಿಂಡೋಸನ್ನು ಮತ್ತೆ ಹಾಕುವ ಅಗತ್ಯ ಹೆಚ್ಚಾಗಿ ಬರುವುದಿಲ್ಲ.

ಪ್ರಶ್ನೆ: ನಮ್ಮೂರ ಅಂಗಡಿಯಲ್ಲಿ ಬೋರ್ಡನ್ನು ಹೀಟ್ ಗನ್ನಿಂದ ಕಾಯಿಸಿ ಕೊಟ್ಟರು. ಒಂದು ತಿಂಗಳು ಓಡಿ ಮತ್ತೆ ಡಿಸ್ಪ್ಲೇ ಇಲ್ಲ. ಮತ್ತೊಮ್ಮೆ ಕಾಯಿಸಲೇ?
(ಹಿರಿಯೂರು)

ಉತ್ತರ: ಬೇಡ. ಸೀಸವಿಲ್ಲದ ಬೆಸುಗೆ ಕರಗಲು ಸುಮಾರು 217 ಡಿಗ್ರಿ ಸೆಲ್ಸಿಯಸ್ ಬೇಕು. ಅಂಗಡಿಯ ಬಿಸಿಗಾಳಿ ಎಷ್ಟೋ ಸಲ ಅಷ್ಟನ್ನು ಚಿಪ್ಪಿನ ಅಡಿಗೆ ಮುಟ್ಟಿಸುವುದೇ ಇಲ್ಲ. ಹೀಗೆ ಕಾಯಿಸಿದಾಗ ಏಳುವ ಗ್ರಾಫಿಕ್ಸ್ ಚಿಪ್ಪುಗಳಲ್ಲಿ ಸಾಮಾನ್ಯವಾಗಿ ಬಿಟ್ಟುಕೊಂಡಿರುವುದು ಚಿಪ್ಪಿನ ಒಳಗಿನ ಕೂದಲೆಳೆ ಸಂಪರ್ಕ. ಬಿಸಿಗೆ ಅದು ಹಿಗ್ಗಿ ತಾಗುತ್ತದೆ, ಕೆಲವು ವಾರಕ್ಕೆ ಮತ್ತೆ ಬಿಡುತ್ತದೆ. ಎರಡನೆಯ ಸಲ ಕಾಯಿಸಿದರೆ ಬೋರ್ಡೇ ಬಾಗಬಹುದು. ಹೊಸ ಚಿಪ್ ಕೂರಿಸುವುದೋ ಬೋರ್ಡ್ ಬದಲಿಸುವುದೋ ಲೆಕ್ಕ ಹಾಕಿ. ಎರಡರ ಖರ್ಚೂ ಲ್ಯಾಪ್‌ಟಾಪಿನ ಈಗಿನ ಬೆಲೆಯ ಅರ್ಧ ದಾಟಿದರೆ ಡಿಸ್ಕ್, ರ‍್ಯಾಮ್ ಕಿತ್ತಿಟ್ಟುಕೊಂಡು ಉಳಿದದ್ದನ್ನು ಬಿಡಿಭಾಗಕ್ಕೆ ಮಾರಿಬಿಡಿ.